ತುಂಗೆಯ ನೆಂಟ, ಸುಮಾತ್ರದ ಅತಿಥಿ: ಒಂದು ಅಕ್ವೇರಿಯಂ ಮೀನಿನ ಹಿಂದಿನ 900 ವರ್ಷ

ಇತಿಹಾಸ ಅಂದ್ರೆ ಕೋಟೆ, ಕತ್ತಿ, ಸಿಂಹಾಸನ ಅಂತ ಕಿವಿಗೆ ಇಯರ್‌ಫೋನ್ ಹಾಕ್ಕೊಂಡು ಕೂತಿದ್ರೆ, ಇವತ್ತು ಸ್ವಲ್ಪ ಬೇರೆ ಕಡೆ ಹೋಗೋಣ. ಇವತ್ತಿನ ನಾಯಕ ಒಂದು ಮೀನು. ಕಿತ್ತಳೆ ಮೈ, ಮೂರು ದಪ್ಪ ಕಪ್ಪು ಪಟ್ಟೆ, ಮೂತಿಯಲ್ಲಿ ಪುಟ್ಟ ಮೀಸೆ. ಹೆಸರು ಕ್ಲೌನ್ ಲೋಚ್.

ಅಕ್ವೇರಿಯಂ ಅಂಗಡಿಯಲ್ಲಿ ಇದನ್ನ ನೋಡಿದವರು ಸುಮ್ಮನೆ ಬರೋದಿಲ್ಲ. ‘ಅಣ್ಣಾ, ಒಂದು ಜೋಡಿ ಕೊಡಿ’ ಅಂತಾರೆ. ಪ್ಲಾಸ್ಟಿಕ್ ಕವರಿನಲ್ಲಿ ಬೆರಳುದ್ದದ ಎರಡು ಮರಿ. ಬಸ್ಸಿನಲ್ಲಿ ಕವರನ್ನ ತೊಡೆ ಮೇಲೆ ಇಟ್ಟುಕೊಂಡು ಚನ್ನಗಿರಿಗೋ, ಹೊನ್ನಾಳಿಗೋ, ನ್ಯಾಮತಿಗೋ, ಜಗಳೂರಿಗೋ ಪ್ರಯಾಣ. ಕೆಲವೇ ವಾರದಲ್ಲಿ ಮೈತುಂಬಾ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಆಮೇಲೆ ಒಂದು ಬೆಳಿಗ್ಗೆ ಎರಡೂ ಇಲ್ಲ. ಅಂಗಡಿಯವರನ್ನ ಕೇಳಿದ್ರೆ ಒಂದೇ ಉತ್ತರ: ‘ನೀರು ಸರಿ ಇಲ್ಲ.’

ಆ ಮಾತು ನಿಜ. ಆದರೆ ಯಾವ ನೀರು? ಯಾಕೆ ಸರಿ ಇಲ್ಲ? ಈ ಪ್ರಶ್ನೆ ಹಿಡಿದು ಹೊರಟ್ರೆ ನಮ್ಮ ಜಿಲ್ಲೆಯ ಕೆರೆ, ನದಿ, ಕಾರ್ಖಾನೆ, ಬೋರ್‌ವೆಲ್ ಎಲ್ಲವೂ ದಾರಿಯಲ್ಲಿ ಸಿಗುತ್ತವೆ.

ರಾಜ ಹಾಕಿದ ಉಂಡೆ

12ನೇ ಶತಮಾನಕ್ಕೆ ಹೋಗೋಣ. ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬಸವಕಲ್ಯಾಣದಲ್ಲಿ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಆಳ್ತಿದ್ದಾನೆ. 1130ರ ಆಸುಪಾಸಿನಲ್ಲಿ ಅವನು ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಅನ್ನೋ ದೊಡ್ಡ ಗ್ರಂಥ ಬರೆದ. ಅಡುಗೆ, ಆನೆ, ಸಂಗೀತ, ಚಿತ್ರಕಲೆ, ಎಲ್ಲವೂ ಅದರಲ್ಲಿದೆ. ಅದರೊಳಗೆ ‘ಮತ್ಸ್ಯವಿನೋದ’ ಅನ್ನೋ ಒಂದು ಭಾಗ ಇದೆ. ಗಾಳ ಹಾಕಿ ಮೀನು ಹಿಡಿಯೋ ರಾಜಕ್ರೀಡೆಯ ವಿವರ.

ಅಲ್ಲಿ ಮೀನುಗಳನ್ನ ಹುರುಪೆ ಇರೋವು, ಹುರುಪೆ ಇಲ್ಲದವು ಅಂತ ಬೇರೆ ಮಾಡಿದ್ದಾರೆ. ಯಾವುದಕ್ಕೆ ಯಾವ ಆಹಾರ ಅಂತಾನೂ ಹೇಳಿದ್ದಾರೆ. ಹಿಂಡಿ, ಹಿಟ್ಟು, ಅನ್ನ ಕಲಸಿ ಉಂಡೆ ಮಾಡಿ ಹಾಕಿ ಮೀನನ್ನ ಒಂದು ಜಾಗಕ್ಕೆ ರೂಢಿ ಮಾಡಿಸೋದು, ಆಮೇಲೆ ಗಾಳ. ಉದ್ದೇಶ ಬೇಟೆಯೇ, ಅದರಲ್ಲಿ ಅನುಮಾನ ಬೇಡ. ಆದರೂ ಒಂದು ಮಾತು ಗಮನಿಸಿ. 900 ವರ್ಷದ ಹಿಂದೆಯೇ ನಮ್ಮ ನಾಡಿನಲ್ಲಿ ‘ಎಲ್ಲ ಮೀನೂ ಒಂದೇ ಅಲ್ಲ’ ಅಂತ ಬರೆದಿಟ್ಟಿದ್ದರು.

ಈ ಭಾಗವನ್ನ 1951ರಲ್ಲಿ ವಿಜ್ಞಾನದ ಲೋಕಕ್ಕೆ ಪರಿಚಯಿಸಿದವರು ಸುಂದರ್ ಲಾಲ್ ಹೋರಾ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯದ ನಿರ್ದೇಶಕರು. ಬೆಟ್ಟದ ತೊರೆಗಳಲ್ಲಿ ಕಲ್ಲಿಗೆ ಅಂಟಿಕೊಂಡು ಬದುಕೋ ಮೀನುಗಳ ಅಧ್ಯಯನದಲ್ಲೇ ಹೆಸರು ಮಾಡಿದವರು.

ಸೋಮೇಶ್ವರನ ಕಾಲಕ್ಕೇ ಸೇರಿದ್ದು ಅಂತ ಹೇಳೋ ಇನ್ನೊಂದು ನೀರು ನಮ್ಮ ಚನ್ನಗಿರಿ ತಾಲ್ಲೂಕಿನಲ್ಲೇ ಇದೆ. ದಾಖಲೆಯಲ್ಲಿ ಶಾಂತಿಸಾಗರ, ಜನರ ಬಾಯಲ್ಲಿ ಸೂಳೆಕೆರೆ. ಶಾಂತವ್ವ ಅನ್ನೋ ರಾಜಕುಮಾರಿ ಕಟ್ಟಿಸಿದಳು ಅನ್ನೋದು ಐತಿಹ್ಯ. ಎರಡು ಗುಡ್ಡದ ನಡುವೆ ಏರಿ ಹಾಕಿ ನಿಲ್ಲಿಸಿದ ಆ ನೀರು ಇವತ್ತಿಗೂ ಗದ್ದೆಗೆ ಹರಿಯುತ್ತೆ, ಚನ್ನಗಿರಿಯಿಂದ ಚಿತ್ರದುರ್ಗದವರೆಗೆ ಕುಡಿಯೋಕೆ ಹೋಗುತ್ತೆ. ಅದರಲ್ಲಿ ಮೀನೂ ಇದೆ, ಮೀನು ನಂಬಿದ ಮನೆಗಳೂ ಇವೆ. ಒಳಗೆ ಬರೋಕೆ ಹಳ್ಳ, ಹೊರಗೆ ಹೋಗೋಕೆ ತೂಬು. ನಿಂತ ನೀರಿನ ಹಾಗೆ ಕಂಡರೂ ಕೆರೆ ಉಸಿರಾಡ್ತಾ ಇರುತ್ತೆ. ಇದನ್ನ ನೆನಪಿಟ್ಟುಕೊಳ್ಳಿ, ಗಾಜಿನ ತೊಟ್ಟಿಗೆ ಬಂದಾಗ ಬೇಕಾಗುತ್ತೆ.

ದೇವರ ಮೀನು

ಬೇಟೆಗಾಗಿ ಅಲ್ಲದೆ ಮೀನು ಸಾಕೋ ಪದ್ಧತಿಯೂ ನಮ್ಮಲ್ಲಿ ಹಳೆಯದೇ. ತುಂಗೆಯ ದಂಡೆಯ ಶೃಂಗೇರಿಯಲ್ಲಿ, ತೀರ್ಥಹಳ್ಳಿ ಹತ್ತಿರದ ಛಿಪ್ಪಲಗುಡ್ಡೆ ಮತ್ಸ್ಯಧಾಮದಲ್ಲಿ ಮೀನಿನ ಹಿಂಡುಗಳನ್ನ ನೀವು ನೋಡಿರಬಹುದು. ಮಂಡಕ್ಕಿ ಎಸೆದ್ರೆ ನೀರೇ ಕುದಿಯೋ ಹಾಗೆ ಎದ್ದು ಬರ್ತವೆ. ಅಲ್ಲಿ ಬಲೆ ಇಲ್ಲ, ಗಾಳ ಇಲ್ಲ. ದೇವರ ಮೀನು ಅನ್ನೋ ಒಂದೇ ಮಾತು ಕಾವಲು. ಆ ಮೀನುಗಳು ಚೆನ್ನಾಗಿರೋಕೆ ಕಾರಣ ಮಂಡಕ್ಕಿ ಅಲ್ಲ. ಹರಿಯೋ ನೀರು, ಆಳವಾದ ಮಡು, ಒಡೆಯದ ಗುಂಪು. ಈ ಮೂರನ್ನೂ ನದಿ ಪುಕ್ಕಟೆ ಕೊಡುತ್ತೆ.

ಗಾಜಿನ ಪೆಟ್ಟಿಗೆ ಬಂತು

ಈಗ ಸಮುದ್ರ ದಾಟೋಣ. 1852. ಇವತ್ತಿನ ಇಂಡೋನೇಷ್ಯಾ ಆಗ ಡಚ್ಚರ ಕೈಯಲ್ಲಿದೆ. ಬಟಾವಿಯಾ, ಅಂದರೆ ಈಗಿನ ಜಕಾರ್ತದಲ್ಲಿ ಪೀಟರ್ ಬ್ಲೀಕರ್ ಅನ್ನೋ ಸೈನ್ಯದ ಡಾಕ್ಟರ್ ಇದ್ದ. ರೋಗಿಗಳನ್ನ ನೋಡಿದಷ್ಟೇ ಶ್ರದ್ಧೆಯಿಂದ ಮೀನು ನೋಡ್ತಿದ್ದ. ಮಾರುಕಟ್ಟೆಯಿಂದ ತರಿಸಿ, ದೂರದ ದ್ವೀಪಗಳಿಂದ ತರಿಸಿ, ಒಂದೊಂದಕ್ಕೂ ವಿವರ ಬರೆದ. ಸುಮಾತ್ರದಿಂದ ಬಂದ ನಮ್ಮ ಪಟ್ಟೆ ಮೀನಿಗೆ ಅವನು ಇಟ್ಟ ಹೆಸರಿನ ಅರ್ಥ ‘ದೊಡ್ಡ ಮುಳ್ಳಿನದು’. ಕಣ್ಣಿನ ಕೆಳಗೆ ಮಡಚಿಟ್ಟ ಚಾಕುವಿನ ಹಾಗೆ ಒಂದು ಮುಳ್ಳು ಅದಕ್ಕಿದೆ. ಹೆದರಿದಾಗ ಹೊರಗೆ ಬರುತ್ತೆ. ಬಲೆಯಲ್ಲಿ ಹಿಡಿದ್ರೆ ಸಿಕ್ಕಿಕೊಳ್ಳೋದು ಅದೇ.

ಎರಡೇ ವರ್ಷಕ್ಕೆ, 1854ರಲ್ಲಿ, ಇಂಗ್ಲೆಂಡಿನ ಫಿಲಿಪ್ ಹೆನ್ರಿ ಗಾಸ್ ‘ಅಕ್ವೇರಿಯಂ’ ಅನ್ನೋ ಪದವನ್ನ ತನ್ನ ಪುಸ್ತಕದ ಹೆಸರಾಗಿಸಿ ಮನೆಮನೆಗೆ ತಲುಪಿಸಿದ. ಅದಕ್ಕೂ ಒಂದು ವರ್ಷ ಮೊದಲೇ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಮೀನುಮನೆ ತೆರೆದಿತ್ತು. ನಮ್ಮ ಕಡೆ ಮುಂಬೈನ ತಾರಾಪೊರೆವಾಲಾ ಅಕ್ವೇರಿಯಂ ಬಂದದ್ದು 1951ರಲ್ಲಿ, ಬೆಂಗಳೂರಿನ ಕಬ್ಬನ್ ಪಾರ್ಕಿನ ಮತ್ಸ್ಯಾಲಯ 1983ರಲ್ಲಿ. ಶಾಲೆ ಪ್ರವಾಸದಲ್ಲಿ ಗಾಜಿಗೆ ಮೂಗು ಒತ್ತಿ ನಿಂತ ಎಷ್ಟೋ ಮಕ್ಕಳ ಹವ್ಯಾಸ ಶುರುವಾಗಿದ್ದು ಅಲ್ಲಿಂದಲೇ.

ಕ್ಲೌನ್ ಲೋಚ್ ಮಾತ್ರ ಇವತ್ತಿಗೂ ಮನೆಯ ತೊಟ್ಟಿಯಲ್ಲಿ ಮರಿ ಮಾಡೋದು ಇಲ್ಲ ಅನ್ನುವಷ್ಟು ಕಡಿಮೆ. ಮಳೆಗಾಲ ಶುರುವಾದಾಗ ನದಿಯ ಮೇಲ್ಭಾಗಕ್ಕೆ ಹೋಗಿ ಮೊಟ್ಟೆ ಇಡೋ ಜಾತಿ ಅದು. ಇಂಡೋನೇಷ್ಯಾದಲ್ಲಿ ಹಾರ್ಮೋನ್ ಚುಚ್ಚಿ ಮರಿ ಮಾಡಿಸ್ತಾರೆ. ಉಳಿದಂತೆ ಸುಮಾತ್ರ, ಬೋರ್ನಿಯೋದ ನದಿಗಳಲ್ಲಿ ಮರಿ ಹಿಡಿದು ಮಾರ್ತಾರೆ. ಅಂದರೆ ನಿಮ್ಮ ಕವರಿನಲ್ಲಿರೋ ಆ ಜೋಡಿ ಒಂದು ಕಾಡು ನದಿಯಲ್ಲಿ ಹುಟ್ಟಿದ್ದಿರಬಹುದು.

ತುಂಗೆಯ ನೆಂಟ

ಈ ಕಥೆ ನಮ್ಮ ಮನೆಬಾಗಿಲಿಗೆ ಬರೋದು ಇಲ್ಲಿಂದ.

1920. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಿ.ಆರ್. ನಾರಾಯಣ ರಾವ್ ಅನ್ನೋ ಪ್ರಾಣಿಶಾಸ್ತ್ರದ ಮೇಷ್ಟ್ರು. ಕಪ್ಪೆಗಳ ಅಧ್ಯಯನಕ್ಕೆ ಹೆಸರಾದವರು. 1932ರಲ್ಲಿ ಬೆಂಗಳೂರಿನಿಂದ ಶುರುವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ 2010ರಲ್ಲಿ ‘ರಾವೋರ್ಕೆಸ್ಟಿಸ್’ ಅಂತ ಹೆಸರಿಟ್ಟದ್ದು ಅವರ ನೆನಪಿಗೆ.

ಆ 1920ರಲ್ಲಿ ಅವರು ಮೈಸೂರು ಸಂಸ್ಥಾನದ ಕೆಲವು ಹೊಸ ಮೀನುಗಳ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅದರಲ್ಲಿ ಒಂದು ಬೆರಳುದ್ದದ ಮೀನು. ಮೈತುಂಬಾ ತೆಳು ಪಟ್ಟೆ, ಮೂತಿಗೆ ಮೀಸೆ, ಕಣ್ಣಿನ ಕೆಳಗೆ ಅದೇ ಮುಳ್ಳು. ಅವರಿಟ್ಟ ಹೆಸರು ಬೋಟಿಯಾ ಸ್ಟ್ರಿಯಾಟಾ. ಸಿಕ್ಕ ಜಾಗ: ಶಿವಮೊಗ್ಗದ ತುಂಗಾ ನದಿ. ಇವತ್ತು ಜಗತ್ತಿನ ಅಕ್ವೇರಿಯಂ ಅಂಗಡಿಗಳಲ್ಲಿ ಅದಕ್ಕೆ ಜೀಬ್ರಾ ಲೋಚ್ ಅಂತಾರೆ. ಕ್ಲೌನ್ ಲೋಚ್‌ನ ಹತ್ತಿರದ ನೆಂಟ.

ಶಿವಮೊಗ್ಗದಿಂದ ಹೊನ್ನಾಳಿಗೆ ಸುಮಾರು 40 ಕಿಲೋಮೀಟರ್. ತುಂಗೆ ಕೂಡ್ಲಿಯಲ್ಲಿ ಭದ್ರೆಯ ಜೊತೆ ಸೇರಿ, ನ್ಯಾಮತಿ ತಾಲ್ಲೂಕಿನ ಅಂಚು ಸವರಿ, ಹೊನ್ನಾಳಿ ಸೇತುವೆಯ ಕೆಳಗೆ ಹರಿದು ಹರಿಹರದ ಕಡೆ ಹೋಗ್ತಾಳೆ. ಸುಮಾತ್ರದ ಮೀನಿಗೆ ದುಡ್ಡು ಕೊಡೋ ನಾವು, ನಮ್ಮದೇ ನದಿಯಲ್ಲಿ ಹೆಸರು ಪಡೆದ ಅದರ ನೆಂಟನ ಬಗ್ಗೆ ಕೇಳಿಯೇ ಇಲ್ಲ.

ಆ ನೆಂಟನ ಗತಿ ಏನಾಯ್ತು? ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅದು ‘ಅಪಾಯಕ್ಕೊಳಗಾದ’ ಜಾತಿ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ 2005ರಿಂದ 2012ರ ನಡುವೆ ಭಾರತದಿಂದ ಅಳಿವಿನ ಭೀತಿ ಇರೋ 30 ಜಾತಿಯ ಸಿಹಿನೀರು ಮೀನುಗಳು 15 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ವಿದೇಶಕ್ಕೆ ಹೋಗಿವೆ. ಅದರಲ್ಲಿ ದೊಡ್ಡ ಪಾಲು ಪಡೆದ ಬೆರಳೆಣಿಕೆಯ ಜಾತಿಗಳಲ್ಲಿ ಬೋಟಿಯಾ ಸ್ಟ್ರಿಯಾಟಾ ಒಂದು. ಅವರ ನದಿಯ ಮೀನು ನಮ್ಮ ತೊಟ್ಟಿಗೆ, ನಮ್ಮ ನದಿಯ ಮೀನು ಅವರ ತೊಟ್ಟಿಗೆ. ಎರಡೂ ಕಡೆ ಖಾಲಿಯಾಗ್ತಿರೋದು ನದಿ.

ತಳ ಕೆಟ್ಟರೆ

ವ್ಯಾಪಾರ ಒಂದೇ ಕಾರಣ ಅಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡ್ತು. ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳು, ನಿಜ. ಅದರ ಬೆಲೆಯನ್ನ ನದಿಯೂ ಕೊಟ್ಟಿತು. ಭದ್ರಾವತಿಯಲ್ಲಿ ಕಾರ್ಖಾನೆಯ ಕೊಳೆನೀರಿನಿಂದ ಭದ್ರಾ ನದಿಯ ಮೀನುಗಾರಿಕೆಗೆ ಆದ ಮಾಲಿನ್ಯದ ಬಗ್ಗೆ ಎ. ಡೇವಿಡ್ ಅನ್ನೋ ವಿಜ್ಞಾನಿಯ ಅಧ್ಯಯನ 1956ರಷ್ಟು ಹಿಂದೆಯೇ ಪ್ರಕಟವಾಗಿದೆ.

ಲೋಚ್‌ಗಳು ತಳದಲ್ಲಿ ಬದುಕೋ ಮೀನು. ಕಲ್ಲಿನ ಸಂದಿ ಅವುಗಳ ಮನೆ, ಮರಳು ಅವುಗಳ ಊಟದ ತಟ್ಟೆ. ಕೊಳೆ ಕೊಳೆಯೋವಾಗ ನೀರಿನ ಆಮ್ಲಜನಕ ತಿಂದುಹಾಕುತ್ತೆ, ಅದರ ಏಟು ಮೊದಲು ಬೀಳೋದು ತಳಕ್ಕೆ. ಹೂಳು ಕೂತರೆ ಸಂದಿ ಮುಚ್ಚುತ್ತೆ. ಮರಳು ತೆಗೆದರೆ ತಟ್ಟೆಯೇ ಇಲ್ಲ. ಮೇಲಿನ ನೀರು ಚೆನ್ನಾಗಿ ಕಂಡರೂ ತಳ ಸತ್ತಿರಬಹುದು.

ಈಗ ನಿಮ್ಮ ಮನೆಯ ಅಕ್ವೇರಿಯಂ ನೆನಪಿಸಿಕೊಳ್ಳಿ. ತಳದಲ್ಲಿ ಬಣ್ಣದ ಚೂಪು ಕಲ್ಲು, ಅದರ ಸಂದಿಯಲ್ಲಿ ತಿಂಗಳ ಹಳೆಯ ಆಹಾರ, ಮೇಲೆ ಫಳಫಳ ನೀರು. ಭದ್ರೆಗೆ ಆದದ್ದೇ ಎರಡು ಅಡಿ ಗಾಜಿನೊಳಗೆ ಆಗ್ತಿದೆ.

ಹಾಗಾದ್ರೆ ಸಾಕೋದು ಹೇಗೆ?

ಮೀನಿಗಿಂತ ಮೊದಲು ನೀರು. ಹೊಸ ತೊಟ್ಟಿ ತುಂಬಿಸಿದ ದಿನವೇ ಮೀನು ಬಿಡಬೇಡಿ. ಮೀನಿನ ಗಲೀಜಿನಿಂದ ಬರೋ ಅಮೋನಿಯಾವನ್ನ ಕರಗಿಸೋ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಸೋಕೆ ನಾಲ್ಕರಿಂದ ಆರು ವಾರ ಬೇಕು. ಆಮೇಲೂ ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಪೈಪಿನಿಂದ ತಳದ ಕೊಳೆ ಎಳೆದು ತೆಗೆಯಿರಿ. ಕೆರೆಗೆ ಹಳ್ಳ, ತೂಬು ಇದ್ದ ಹಾಗೆ.

ಊರಿಂದ ಊರಿಗೆ ನೀರು ಬೇರೆ. ಹೊನ್ನಾಳಿ, ಚನ್ನಗಿರಿಯಲ್ಲಿ ನಲ್ಲಿ ನೀರಾದರೆ ಕ್ಲೋರಿನ್ ತೆಗೆಯೋ ದ್ರಾವಣ ಹಾಕಿ. ಜಗಳೂರು ಮಳೆ ಕಡಿಮೆಯ ಸೀಮೆ, ಬೋರ್‌ವೆಲ್ ನಂಬಿದ ಊರು. ತುಂಗಭದ್ರೆಯಿಂದ ಅಲ್ಲಿನ 57 ಕೆರೆ ತುಂಬಿಸೋ ಯೋಜನೆ ಬಂದದ್ದು ಯಾಕೆ ಅಂತ ಅಲ್ಲಿಯವರಿಗೆ ಹೇಳಬೇಕಿಲ್ಲ. ಬೋರ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಕೂರುತ್ತಾ? ಹಾಗಿದ್ರೆ ನೀರು ಗಡಸು. ಕ್ಲೌನ್ ಲೋಚ್ ಮೆದು ನೀರಿನ ಮೀನು. ಅದಕ್ಕೆ ಮಳೆನೀರನ್ನೋ ಆರ್‌ಒ ನೀರನ್ನೋ ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಲವಣವೇ ಇರೋದಿಲ್ಲ. ಪ್ರತಿ ವಾರ ಒಂದೇ ಅಳತೆ ಇರಲಿ, ದಿಢೀರ್ ಬದಲಾವಣೆ ಮೀನಿಗೆ ಆಗಿಬರಲ್ಲ.

ಗುಂಪು ಮುಖ್ಯ. ಜೋಡಿ ಸಾಕಾಗಲ್ಲ, ಕನಿಷ್ಠ ಐದಾರು ಬೇಕು. ಒಂಟಿಯಾದ ಲೋಚ್ ಮೂಲೆ ಸೇರುತ್ತೆ, ತಿನ್ನೋದು ಬಿಡುತ್ತೆ. ಗುಂಪಿದ್ದರೆ ಒಂದರ ಮೇಲೊಂದು ಬಿದ್ದು ಆಡ್ತವೆ, ಟಿಕ್ ಟಿಕ್ ಅಂತ ಸದ್ದು ಮಾಡ್ತವೆ, ಪಕ್ಕಕ್ಕೆ ಮಲಗಿ ಸತ್ತ ಹಾಗೆ ನಟಿಸಿ ನಿಮ್ಮ ಎದೆ ಒಡೆಸ್ತವೆ. ನುಣುಪು ಮರಳು, ಮರದ ಬೊಡ್ಡೆ, ಅಗಲ ಬಾಯಿಯ ಪೈಪು ಹಾಕಿ. ನೀರಿನ ಬಿಸಿ 25ರಿಂದ 30 ಡಿಗ್ರಿ ಇರಲಿ, ಡಿಸೆಂಬರ್ ರಾತ್ರಿಗಳಿಗೆ ಹೀಟರ್ ಬೇಕು. ಕರೆಂಟ್ ಹೋಗೋ ಊರಾದ್ರೆ ಬ್ಯಾಟರಿ ಏರ್ ಪಂಪ್ ಒಂದು ಇರಲಿ.

ಬಿಳಿ ಚುಕ್ಕೆ ರೋಗ ಈ ಮೀನಿಗೆ ಬೇಗ ಹತ್ತುತ್ತೆ. ಹುರುಪೆ ತುಂಬಾ ಸಣ್ಣದು, ಹಾಗಾಗಿ ಔಷಧವೂ ಬೇಗ ತಾಗುತ್ತೆ. ಹುರುಪೆ ನೋಡಿ ಮೀನು ಬೇರೆ ಮಾಡಿದ ಸೋಮೇಶ್ವರನ ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. ಬೇರೆ ಮೀನಿಗೆ ಹಾಕೋ ಅಳತೆಯ ಔಷಧ, ಉಪ್ಪು ಇದಕ್ಕೆ ಸುರಿಯಬೇಡಿ. ಹೊಸ ಮೀನನ್ನ ಮೂರ್ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿ ಆಮೇಲೆ ಸೇರಿಸಿ.

ಕೊನೆಗೆ, ಅಂಗಡಿಯಲ್ಲಿ ಯಾರೂ ಹೇಳದ ಮಾತು. ಬೆರಳುದ್ದದ ಈ ಮರಿ ಒಂದು ಅಡಿವರೆಗೂ ಬೆಳೆಯುತ್ತೆ. 20 ವರ್ಷಕ್ಕೂ ಹೆಚ್ಚು ಬದುಕುತ್ತೆ. ಬೆಳೆದ ಗುಂಪಿಗೆ ಐದಾರು ಅಡಿ ಉದ್ದದ ತೊಟ್ಟಿ ಬೇಕು. ಇವತ್ತು ಪಿಯುಸಿ ಓದ್ತಿರೋ ನೀವು ತಂದ ಮೀನು, ನಿಮ್ಮ ಮಗು ಶಾಲೆಗೆ ಹೋಗೋವಾಗಲೂ ಇರಬಹುದು. ಅಷ್ಟು ಜಾಗ, ಅಷ್ಟು ವರ್ಷ ಕೊಡೋಕೆ ಆಗಲ್ಲ ಅಂದ್ರೆ ಬೇರೆ ಚಿಕ್ಕ ಮೀನು ನೋಡಿ. ತಂದಾದ ಮೇಲೆ ಸಾಕೋಕೆ ಆಗಲಿಲ್ಲ ಅಂದ್ರೆ ಅಂಗಡಿಗೋ ಇನ್ನೊಬ್ಬ ಹವ್ಯಾಸಿಗೋ ಕೊಡಿ. ಪುಣ್ಯ ಬರುತ್ತೆ ಅಂತ ಸೂಳೆಕೆರೆಗೋ ತುಂಗಭದ್ರೆಗೋ ಮಾತ್ರ ಬಿಡಬೇಡಿ. ಹೀಗೆ ಹೊರಗಿನಿಂದ ಬಂದು ಸೇರಿಕೊಂಡ ಆಫ್ರಿಕನ್ ಕ್ಯಾಟ್‌ಫಿಶ್, ಸಕ್ಕರ್ ಮೀನುಗಳು ದೇಶದ ಎಷ್ಟೋ ಕೆರೆ, ನದಿಗಳಲ್ಲಿ ಊರ ಮೀನಿನ ಜಾಗ ಹಿಡಿದಿವೆ.

ಮುಂದಿನ ಸಲ ಹೊನ್ನಾಳಿ ಸೇತುವೆ ದಾಟೋವಾಗ ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿ. 1920ರಲ್ಲಿ ಒಬ್ಬ ಮೇಷ್ಟ್ರು ಹೆಸರಿಟ್ಟ ಪಟ್ಟೆ ಮೀನಿನ ಸಂತತಿ ಈ ನದಿಯಲ್ಲಿ ಉಳಿಯಬೇಕಾದರೆ ಅದಕ್ಕೆ ಬೇಕಾಗಿರೋದೂ ನಿಮ್ಮ ತೊಟ್ಟಿಗೆ ಬೇಕಾಗಿರೋದೇ: ಹರಿಯೋ ನೀರು, ಸ್ವಚ್ಛ ತಳ, ಒಡೆಯದ ಗುಂಪು.

ನಿಮ್ಮೂರ ಹಳ್ಳದಲ್ಲಿ ಇಂಥ ಪಟ್ಟೆ ಮೀನು ನೋಡಿದ ನೆನಪು ಮನೆಯ ಹಿರಿಯರಿಗೆ ಇದೆಯಾ? ಕೇಳಿ ನೋಡಿ. ಅವರು ಅದಕ್ಕೆ ಏನಂತ ಕರೀತಿದ್ರು ಅಂತ ನಮಗೂ ತಿಳಿಸಿ.