ಸಪ್ತ ಅಗ್ನಿಪರ್ವತಗಳ ಆರೋಹಣ: ಒಂದು ಚಾರಿತ್ರಿಕ ವಿವೇಚನೆ

ದಕ್ಷಿಣ ಬೆಂಗಳೂರಿನಲ್ಲಿ ಜಯನಗರದ ನೆರೆಯಲ್ಲಿರುವ ಲಾಲ್‌ಬಾಗಿನ ಬಂಡೆಯು ಅಗ್ನಿಪರ್ವತದ ಅವಶೇಷವಲ್ಲ. ಅದು ಸುಮಾರು 300 ಕೋಟಿ ವರ್ಷಗಳಷ್ಟು ಪ್ರಾಚೀನವಾದ ನೈಸ್ ಶಿಲೆ. ಮೈಸೂರು ಭೂವಿಜ್ಞಾನ ಇಲಾಖೆಯ ಡಬ್ಲ್ಯು. ಎಫ್. ಸ್ಮೀತರು 1916ರಲ್ಲಿ ಈ ಶಿಲಾವರ್ಗಕ್ಕೆ 'ಪರ್ಯಾಯದ್ವೀಪದ ನೈಸ್' ಎಂಬರ್ಥದ ಹೆಸರನ್ನಿತ್ತರು. ಇಂತಹ ಶಿಲೆಯ ಮೇಲೆ ನೆಲೆಸಿದ ಈ ನಗರದಲ್ಲಿ ತಂತ್ರಾಂಶ ಇಂಜಿನಿಯರಾಗಿ ದುಡಿದ ಸತ್ಯರೂಪ್ ಸಿದ್ಧಾಂತರು 2019ರ ಜನವರಿಯಲ್ಲಿ ಅಂಟಾರ್ಕ್ಟಿಕದ ಸಿಡ್ಲಿ ಶಿಖರವನ್ನೇರಿ, ಏಳು ಖಂಡಗಳ ಅತ್ಯುನ್ನತ ಅಗ್ನಿಪರ್ವತಗಳನ್ನೆಲ್ಲ ಏರಿದ ಪ್ರಥಮ ಭಾರತೀಯರೆನಿಸಿದರು. ಈ 'ಏಳು' ಎಂಬ ಎಣಿಕೆಗೂ 'ಪ್ರಥಮ' ಎಂಬ ಪದವಿಗೂ ಚರಿತ್ರೆಯಲ್ಲಿರುವ ಆಧಾರವೇನೆಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಮೊದಲು ಎಣಿಕೆಯನ್ನು ನೋಡೋಣ. ದಕ್ಷಿಣ ಅಮೆರಿಕದ ಓಹೋಸ್ ದೆಲ್ ಸಲಾದೊ (6,893 ಮೀಟರು), ಆಫ್ರಿಕದ ಕಿಲಿಮಂಜಾರೊ (5,895 ಮೀಟರು), ಯುರೋಪಿನ ಎಲ್ಬ್ರುಸ್ (5,642 ಮೀಟರು), ಉತ್ತರ ಅಮೆರಿಕದ ಒರಿಸಾಬ, ಏಷ್ಯದ ದಮಾವಂದ್, ಪಪುವ ನ್ಯೂಗಿನಿಯ ಗಿಲುವೆ ಹಾಗೂ ಸಿಡ್ಲಿ, ಇವೇ ಆ ಏಳು. ಆದರೆ ಖಂಡಗಳ ಎಲ್ಲೆಯನ್ನು ಗೆರೆಯೆಳೆದವರು ಮನುಷ್ಯರು. ಕಾಕಸಸ್ ಪರ್ವತಶ್ರೇಣಿಯನ್ನು ಏಷ್ಯಕ್ಕೆ ಸೇರಿಸಿದರೆ ಎಲ್ಬ್ರುಸ್ ಏಷ್ಯದ್ದಾಗುತ್ತದೆ. ಆಗ ದಮಾವಂದ್ ಪಟ್ಟಿಯಿಂದ ಹೊರಬೀಳುತ್ತದೆ.

ಇನ್ನು ಪ್ರಥಮತ್ವದ ವಿಚಾರ. 1829ರಲ್ಲಿ ರಷ್ಯದ ಸೇನಾನಿ ಎಮ್ಮಾನುಯೆಲನ ತಂಡವು ಎಲ್ಬ್ರುಸಿಗೆ ಬಂದಾಗ, ಅದರ ಪೂರ್ವ ಶಿಖರವನ್ನು ಮುಟ್ಟಿದವನು ಸೇನಾನಿಯಲ್ಲ, ಸ್ಥಳೀಯ ಮಾರ್ಗದರ್ಶಕನಾದ ಕಿಲ್ಲಾರ್. ತುಸು ಎತ್ತರವಾದ ಪಶ್ಚಿಮ ಶಿಖರವನ್ನು 1874ರಲ್ಲಿ ಆಂಗ್ಲರ ತಂಡವೊಂದು ಏರಿತು. ಅವರೊಡನೆಯೂ ಪೀಟರ್ ಕ್ನೂಬೆಲ್ ಎಂಬ ಸ್ವಿಸ್ ಮಾರ್ಗದರ್ಶಕನಿದ್ದನು. 1889ರಲ್ಲಿ ಕಿಲಿಮಂಜಾರೊವಿನ ತುದಿಯನ್ನು ತಲುಪಿದವರೆಂದು ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಷೆಲ್ಲರ್ ಪ್ರಸಿದ್ಧರಾದರು. ಅವರ ಸಾಮಗ್ರಿಗಳನ್ನು ಹೊತ್ತು ನಡೆದ ಆಫ್ರಿಕನ್ನರ ಹೆಸರುಗಳು ಅಷ್ಟಾಗಿ ಪ್ರಸಿದ್ಧಿಗೆ ಬರಲಿಲ್ಲ.

ಶಿಖರನಾಮಗಳೂ ಇದೇ ಕಥೆಯನ್ನು ಹೇಳುತ್ತವೆ. ಮೇಯರನು ಕಿಲಿಮಂಜಾರೊವಿನ ತುದಿಗೆ ಜರ್ಮನ್ ಚಕ್ರವರ್ತಿ ವಿಲ್ಹೆಲ್ಮನ ಹೆಸರನ್ನಿಟ್ಟನು. 1961ರಲ್ಲಿ ಟಾಂಗನ್ಯೀಕವು ಸ್ವತಂತ್ರವಾದಾಗ ಅದಕ್ಕೆ 'ಉಹುರು' ಎಂಬ ಹೆಸರು ಬಂದಿತು. ಸ್ವಾಹಿಲಿ ಭಾಷೆಯಲ್ಲಿ ಈ ಪದಕ್ಕೆ ಸ್ವಾತಂತ್ರ್ಯವೆಂದರ್ಥ. ನಿರ್ಜನವಾದ ಅಂಟಾರ್ಕ್ಟಿಕದಲ್ಲಾದರೋ ಹೆಸರು ಧನಸಹಾಯವನ್ನು ಅನುಸರಿಸಿತು. 1934ರಲ್ಲಿ ರಿಚರ್ಡ್ ಬರ್ಡ್ ವಿಮಾನದಿಂದ ಕಂಡ ಪರ್ವತಕ್ಕೆ, ಆತನ ಅನ್ವೇಷಣೆಗೆ ನೆರವಾದ ಮೇಬೆಲ್ ಸಿಡ್ಲಿಯ ಹೆಸರನ್ನಿಡಲಾಯಿತು. ನಮ್ಮ ಮನೆಗಳಿಗೂ ಪರಿಚಿತವಾದ ಹಾರ್ಲಿಕ್ಸ್ ಪೇಯದ ವಿಲಿಯಂ ಹಾರ್ಲಿಕ್ ಈಕೆಯ ತಂದೆ. ಆ ಶಿಖರವನ್ನು ಮನುಷ್ಯನು ಮೊದಲು ಏರಿದ್ದು 1990ರಲ್ಲಿ.

ಇದರಿಂದ ಸಿದ್ಧಾಂತರ ಸಾಧನೆಯೇನೂ ಕುಂದುವುದಿಲ್ಲ. ಎತ್ತರವೂ ಚಳಿಯೂ ಯಾವ ಪಟ್ಟಿಯನ್ನೂ ಅವಲಂಬಿಸಿಲ್ಲ. ಆದರೆ ದಾಖಲೆಯನ್ನು ಬರೆಯುವುದು ಚರಿತ್ರಕಾರನ ಹೊಣೆ. ಶಿಖರವನ್ನು ಮುಟ್ಟಿದವನ ಹೆಸರಿನೊಡನೆ ದಾರಿ ತೋರಿದವನ ಹೆಸರನ್ನೂ ಹೊರೆ ಹೊತ್ತವನ ಹೆಸರನ್ನೂ ಬರೆದಿಟ್ಟಾಗಲೇ ಆರೋಹಣದ ಚರಿತ್ರೆ ಪೂರ್ಣವಾಗುವುದೆಂದು ನಾವು ಭಾವಿಸುತ್ತೇವೆ.