ತಾಲೀಮಿನ ಆಕಾಶ, ನೆಲದ ಮನೆಗಳು

ಮಾನ್ವಿ ಎಂದೊಡನೆ ಕನ್ನಡಿಗರಿಗೆ ಜಗನ್ನಾಥದಾಸರ ನೆನಪಾಗುತ್ತದೆ, ಯುದ್ಧವಿಮಾನದ ನೆನಪಾಗುವುದಿಲ್ಲ. ಆದರೆ ಈ ಸೀಮೆ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ನಿಜಾಮರು ಕೊಟ್ಟ ಹಣದಿಂದ 1918ರಲ್ಲಿ ಬ್ರಿಟಿಷರ 110ನೆಯ ವಿಮಾನದಳ ಸಜ್ಜಾಯಿತು. ಎರಡನೆಯ ಮಹಾಯುದ್ಧದಲ್ಲಿ 152 ಮತ್ತು 253ನೆಯ ದಳಗಳೂ ಹೈದರಾಬಾದಿನ ಹೆಸರು ಹೊತ್ತು ಹಾರಿದವು. ಆ ಸಂಸ್ಥಾನದ ಬೊಕ್ಕಸಕ್ಕೆ ಕಂದಾಯ ತೆತ್ತವರಲ್ಲಿ ಮಾನ್ವಿಯ ರೈತನೂ ಒಬ್ಬ.

ಯುದ್ಧದ ಚರಿತ್ರೆಕಾರರು ವೈರಿಯ ಮೇಲಿನ ದಾಳಿಗಳನ್ನು ಎಣಿಸುತ್ತಾರೆ. ಕಲಿಕೆಯಲ್ಲಿ, ಪರೀಕ್ಷೆಯಲ್ಲಿ ಉರುಳಿದ ವಿಮಾನಗಳ ಕಥೆ ಅಡಿಟಿಪ್ಪಣಿಗೆ ಸರಿಯುತ್ತದೆ. ಬಿದ್ದುದು ಬಯಲಿನ ಮೇಲಾದರೆ ಹಾಗಾಗಬಹುದು, ಮನೆಗಳ ಮೇಲಾದರೆ? 1944ರ ಆಗಸ್ಟ್ 23ರಂದು ದುರಸ್ತಿಯ ಬಳಿಕ ಪರೀಕ್ಷೆಗೆಂದು ಮೇಲೇರಿದ್ದ ಅಮೆರಿಕನ್ ಬಾಂಬರ್ ಒಂದು ಬಿರುಮಳೆಗೆ ಸಿಕ್ಕಿ, ಇಂಗ್ಲೆಂಡಿನ ಫ್ರೆಕಲ್‌ಟನ್ ಎಂಬ ಹಳ್ಳಿಯ ಮೇಲೆ ಬಿತ್ತು. ಸತ್ತವರು 61 ಮಂದಿ. ಅವರಲ್ಲಿ 38 ಮಂದಿ ಶಾಲೆಯ ಪುಟ್ಟ ಮಕ್ಕಳು. ಕೊಂದದ್ದು ವೈರಿಯ ವಿಮಾನವಲ್ಲ, ಕಾಯಲು ಬಂದ ಮಿತ್ರರದು. ಮರುವರ್ಷ ಅಮೆರಿಕನ್ ಸೈನಿಕರೇ ಅಲ್ಲಿ ಮಕ್ಕಳ ನೆನಪಿಗಾಗಿ ಆಟದ ಅಂಗಳವೊಂದನ್ನು ಕಟ್ಟಿಕೊಟ್ಟರು.

ಇದು ಸಮುದ್ರದಾಚೆಯ ಮಾತು ಮಾತ್ರವಲ್ಲ. ಮಾನ್ವಿಯಂತೆಯೇ ನಿಜಾಮ ಸೀಮೆಯದಾಗಿದ್ದ ಬೀದರಿನಲ್ಲಿ, ಚೀನಾ ಯುದ್ಧದ ಮರುವರ್ಷ, 1963ರಲ್ಲಿ, ವೈಮಾನಿಕರ ಪ್ರಾಥಮಿಕ ಶಿಕ್ಷಣ ಆರಂಭವಾಯಿತು. ‘ಸೂರ್ಯಕಿರಣ’ ತಂಡದ ನೆಲೆಯೂ ಅದೇ. 2019ರ ಫೆಬ್ರವರಿ 19ರಂದು, ಬೆಂಗಳೂರಿನ ವಿಮಾನ ಪ್ರದರ್ಶನದ ಹಿಂದಿನ ದಿನ, ಯಲಹಂಕದ ಮೇಲೆ ತಾಲೀಮು ನಡೆಸುತ್ತಿದ್ದ ಆ ತಂಡದ ಎರಡು ಹಾಕ್ ತರಬೇತಿ ವಿಮಾನಗಳು ಒಂದಕ್ಕೊಂದು ತಾಗಿ ಉರುಳಿದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಮಡಿದರು. ಇನ್ನಿಬ್ಬರು ಪ್ಯಾರಾಶೂಟಿನಿಂದ ಇಳಿದು ಬದುಕಿದರು. ಅವಶೇಷಗಳು ಇಸ್ರೊ ಬಡಾವಣೆಯ ಮನೆಗಳ ಬಳಿ ಬಿದ್ದವು. ಕೆಳಗೆ ಯಾರೂ ಸಾಯಲಿಲ್ಲ. ಯಲಹಂಕವು ಫ್ರೆಕಲ್‌ಟನ್ ಆಗದೆ ಉಳಿದದ್ದು ಕೆಲವೇ ಮಾರುಗಳ ಅಂತರದಲ್ಲಿ.

ತರಬೇತಿ ಬೇಡವೆಂದು ನಾನು ಹೇಳಲಾರೆ. ಕಲಿಯದೆ ಹಾರಿದವನು ತಾನೂ ಉಳಿಯಲಾರ, ನಾಡನ್ನೂ ಉಳಿಸಲಾರ. ಆದರೆ ಊರು ಬೆಳೆದು ವಿಮಾನನೆಲೆಯ ಬೇಲಿಯನ್ನು ಮುಟ್ಟಿರುವ ಈ ಕಾಲದಲ್ಲಿ, ತಾಲೀಮು ಎಲ್ಲಿ ನಡೆಯಬೇಕು, ಮನೆ ಎಲ್ಲಿ ಏಳಬೇಕು ಎಂಬ ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಬೇಕಾಗಿದೆ. ವಿಮಾನದಳದ ಹೆಸರಿನಲ್ಲಿ ಸಂಸ್ಥಾನ ಉಳಿಯಿತು. ಕಂದಾಯ ತೆತ್ತವನ ಹೆಸರು ಎಲ್ಲಿಯೂ ಉಳಿಯಲಿಲ್ಲ. ಕೆಳಗೆ ನಿಂತವನ ಲೆಕ್ಕವನ್ನಾದರೂ ಚರಿತ್ರೆ ಇನ್ನು ಮುಂದೆ ಇಡಲಿ.