ಸುಸ್ತು ಯಾರಿಗೆ, ಸೋಮಾರಿ ಯಾರು

ಇಟಾಲಿಯನ್ನರು ಸುಸ್ತಾದರೆ ‘ಸ್ತಾಂಕೊ’ ಅಂತಾರೆ, ಹೆಂಗಸರಾದರೆ ‘ಸ್ತಾಂಕಾ’. ಹಳೆಯ ಇಟಾಲಿಯನ್ನಿನಲ್ಲಿ ಇದೇ ಪದಕ್ಕೆ ‘ಎಡ’ ಅನ್ನೋ ಅರ್ಥವೂ ಇತ್ತು. ‘ಮಾನೊ ಸ್ತಾಂಕಾ’, ದಣಿದ ಕೈ, ಅಂದರೆ ಎಡಗೈ. ದಾಂತೆ ಕೂಡ ಹೀಗೆ ಬಳಸಿದ್ದಾನೆ. ಬಲ ಕಮ್ಮಿ ಇರೋ ಕೈ ಬೇಗ ಸೋಲುತ್ತೆ ಅನ್ನೋ ಲೆಕ್ಕ.

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟದಲ್ಲಿ ಈ ಲೆಕ್ಕ ನಡೆಯಲ್ಲ. ಎಡಗೈ ಕೊಂಬೆ ಬಗ್ಗಿಸಿ ಹಿಡಿದಿರುತ್ತೆ, ಬಲಗೈ ಹಣ್ಣು ಬಿಡಿಸುತ್ತೆ, ಸಂಜೆಗೆ ಎರಡೂ ಒಂದೇ. ನಮ್ಮದು ಚಿಕ್ಕ ಹಿಡುವಳಿ, ಹಾಗಾಗಿ ಕೊಯ್ಲಿನಲ್ಲಿ ಅಮ್ಮ ಪಕ್ಕದ ತೋಟಕ್ಕೂ ಹೋಗೋರು. ಬಂದು ‘ಸುಸ್ತು’ ಅಂದಿದ್ದು ನಾನು ಕೇಳಿಲ್ಲ. ‘ಕೈ ಸೋತೋಗವೆ ಕಣಪ್ಪ’ ಅನ್ನೋರು, ಅಷ್ಟೆ.

‘ಸುಸ್ತು’ ಪಾರ್ಸಿ ಪದ. ಮಂಜರಾಬಾದಿನ ‘ಆಬಾದ್’ ಕೂಡ ಪಾರ್ಸಿಯೇ. ಆ ನಕ್ಷತ್ರದಾಕಾರದ ಕೋಟೆಯನ್ನ ಟಿಪ್ಪು ಕಟ್ಟಿಸಿದ್ದು 1792ರಲ್ಲಿ. ಪಾರ್ಸಿಯಲ್ಲಿ ‘ಸುಸ್ತ್’ ಅಂದರೆ ಸಡಿಲ, ನಿಧಾನ, ಸೋಮಾರಿ. ಹಿಂದಿಯವರು ಈಗಲೂ ಸೋಮಾರಿಗೇ ಸುಸ್ತ್ ಅನ್ನೋದು. ಕನ್ನಡಕ್ಕೆ ಬಂದ ಮೇಲೆ ಪದ ಆ ಬೈಗುಳವನ್ನ ಕಳಚಿಕೊಂಡು ಮರ್ಯಾದಸ್ಥ ಆಯ್ತು. ಪೂರ್ತಿ ಕಳಚಿದೆಯಾ? ಮೀಟಿಂಗ್ ಮುಗಿಸಿ ಫೋನಲ್ಲಿ ನಾನು ‘ಸುಸ್ತಾಯ್ತಮ್ಮ’ ಅಂದರೆ ಅಮ್ಮ ಕೇಳೋದು, ‘ಕೂತ್ಕಂಡೇನಾ?’

ತೋಟಗಳ ಇತಿಹಾಸದಲ್ಲಿ ದಣಿವಿಗೂ ಸೋಮಾರಿತನಕ್ಕೂ ನಡುವಿನ ಗೆರೆ ಬರೀ ನಿಘಂಟಿನ ವಿಷಯ ಆಗಿರಲಿಲ್ಲ. ರಾಬರ್ಟ್ ಎಲಿಯಟ್‌ನಂಥ ಪ್ಲಾಂಟರುಗಳು ಮಂಜರಾಬಾದ್ ಕಾಡಿನಲ್ಲಿ ಕಾಫಿ ಹಾಕಿದ್ದು 1850ರ ದಶಕದಲ್ಲಿ. ಆಳುಗಳನ್ನ ಮೇಸ್ತ್ರಿಗಳು ಮುಂಗಡ ಕೊಟ್ಟು ಕರೆತರೋರು. ಅದೇ ದಶಕದ ಕೊನೆಗೆ, 1859ರಲ್ಲಿ, ಬ್ರಿಟಿಷ್ ಇಂಡಿಯಾದಲ್ಲಿ ಒಂದು ಕಾಯ್ದೆ ಬಂತು: ಮುಂಗಡ ಪಡೆದು ಕೆಲಸ ಬಿಟ್ಟವನು ಮ್ಯಾಜಿಸ್ಟ್ರೇಟ್ ಹೇಳಿದ ಮೇಲೂ ದುಡ್ಡು ಕಟ್ಟದಿದ್ದರೆ, ಕೆಲಸಕ್ಕೂ ಹೋಗದಿದ್ದರೆ ಮೂರು ತಿಂಗಳವರೆಗೆ ಜೈಲು. ಮೈಯಲ್ಲಿ ಆಗದೆ ಬಿಟ್ಟನೋ, ಮನಸ್ಸಿಲ್ಲದೆ ಬಿಟ್ಟನೋ, ಬಿಟ್ಟವನ ಮಾತಿಗೆ ಎಷ್ಟು ಬೆಲೆ ಸಿಕ್ಕಿರುತ್ತೆ, ನೀವೇ ಊಹಿಸಿ. ಆ ಕಾಯ್ದೆ 1920ರ ದಶಕದವರೆಗೂ ಉಳಿದಿತ್ತು.

1951ರ ತೋಟ ಕಾರ್ಮಿಕರ ಕಾಯ್ದೆ ದಣಿವನ್ನ ಗಡಿಯಾರಕ್ಕೆ ಕಟ್ಟಿತು. ವಾರಕ್ಕೆ ಇಷ್ಟೇ ಗಂಟೆ ಅಂತ ಮಿತಿ ಬಂತು. ಐದು ಗಂಟೆ ದುಡಿಸಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ ಕೊಡದೆ ಮುಂದೆ ದುಡಿಸೋ ಹಾಗಿರಲಿಲ್ಲ. ನಮ್ಮ ಕಡೆ ಆ ಅರ್ಧ ಗಂಟೆಗೆ ಯಾರೂ ವಿಶ್ರಾಂತಿ ಅನ್ನಲ್ಲ, ಬುತ್ತಿ ಬಿಚ್ಚೋ ಹೊತ್ತು ಅಂತಾರೆ.